ಕೈಗಿಂತ ಮುಂಚೆ ಮರ

ಆ ವರ್ಷ ಫೆಬ್ರವರಿಯಲ್ಲಿ, ಆರನೇ ತಿಂಗಳಲ್ಲೇ ನನಗೆ ಹೆರಿಗೆಯಾಯಿತು. ಮಗು ಬದುಕಿರಲಿಲ್ಲ. ಆಸ್ಪತ್ರೆಯಿಂದ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಡಬ್ಲಿನ್ನಿನ ಮನೆಗೆ ಬಂದ ಮೂರನೇ ದಿನ ಎದೆಯಲ್ಲಿ ಹಾಲು ಬಂತು. ಅದು ನಿಲ್ಲುವುದಕ್ಕೆ ಒಂದು ವಾರ ಹಿಡಿಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಬರೆಯಹೊರಟಿರುವುದು ಕಾರಿನ ಇಂಜಿನ್ ಎತ್ತಿದ ವಿಷಯ; ಆದರೆ ಇದು ಗೊತ್ತಿಲ್ಲದಿದ್ದರೆ ಆ ಗರಾಜಿನಲ್ಲಿ ನನ್ನ ಅತ್ತೆ ಯಾಕಿದ್ದರು ಎಂಬುದು ಅರ್ಥವಾಗುವುದಿಲ್ಲ.

ಬಾಣಂತನಕ್ಕೆ ಬರಬೇಕಾಗಿದ್ದವರು ಉಡುಪಿಯಲ್ಲಿರುವ ನನ್ನ ಅಮ್ಮ. ಅವರಿಗೆ ವೀಸಾ ಸಂದರ್ಶನದ ದಿನವೇ ಸಿಗಲಿಲ್ಲ. ಅತ್ತೆಯ ಬಳಿ ಹಿಂದೊಮ್ಮೆ ಬಂದಿದ್ದಾಗಿನ ವೀಸಾ ಇತ್ತು. ಹಾಗಾಗಿ ಮೇ ತಿಂಗಳಿಗೆ ಅವರ ಟಿಕೆಟ್ಟು ಮಾಡಿಸಿದ್ದೆವು. ಎಲ್ಲ ಮುಗಿದ ಮೇಲೆ ಗಂಡ ಮಂಡ್ಯದ ಕಡೆಯ ತನ್ನ ಊರಿಗೆ ಫೋನು ಮಾಡಿದ. ಸ್ಪೀಕರು ಹಾಕಿದ್ದರಿಂದ ನನಗೂ ಕೇಳಿಸುತ್ತಿತ್ತು.

"ಅವ್ವ, ಟಿಕೆಟ್ ಕ್ಯಾನ್ಸಲ್ ಮಾಡಿಸ್ತೀನಿ. ಈಗ ಬಂದು ಏನ್ ಮಾಡ್ತೀಯ?"

"ಯಾಕ್ಲಾ, ಮಗು ಇಲ್ಲ ಅಂದ್ರೆ ಬಾಣಂತಿ ಇಲ್ವಾ? ಹೆತ್ತೋಳು ಅಲ್ಲೇ ಇದ್ದಾಳಲ್ಲ. ಮೇ ತಿಂಗ್ಳು ಗಂಟ ಯಾಕೆ ಕಾಯ್ಬೇಕು? ಈಗ್ಲೇ ಮಾಡ್ಸು."

ಹತ್ತು ದಿನದಲ್ಲಿ ಅತ್ತೆ ಬಂದಿಳಿದರು. ಪೆಟ್ಟಿಗೆಯ ತುಂಬ ಮೆಣಸು, ಒಣಶುಂಠಿ, ಬೆಳ್ಳುಳ್ಳಿ, ಕೊಬ್ಬರಿ. ಬಂದ ಸಂಜೆಯೇ ನನ್ನ ಕಿವಿಗೆ ಹತ್ತಿ ಇಟ್ಟು ತಲೆಗೆ ಬಟ್ಟೆ ಕಟ್ಟಿದರು. ಮೆಣಸಿನ ಸಾರು, ಬಿಸಿ ಅನ್ನ, ಸುಟ್ಟ ಬೆಳ್ಳುಳ್ಳಿ. ನಾನು ತಟ್ಟೆ ಖಾಲಿ ಮಾಡುವವರೆಗೆ ಎದುರಿಗೇ ನಿಂತಿರುತ್ತಿದ್ದರು. ಸಮಾಧಾನದ ಮಾತು ಒಂದನ್ನೂ ಆಡಲಿಲ್ಲ. ಪರಿಚಯದ ಹೆಂಗಸರು ಡಬ್ಬಿಗಳಲ್ಲಿ ಅಡುಗೆ ಹಿಡಿದು ನೋಡಲು ಬಂದರೆ, "ಮಲಗವ್ಳೆ ಕಣವ್ವ, ಇನ್ನೊಂದಿನ ಬನ್ನಿ" ಎಂದು ಬಾಗಿಲಲ್ಲೇ ಡಬ್ಬಿ ಇಸಿದುಕೊಂಡು ಕಳಿಸುತ್ತಿದ್ದರು. ನಾನು ಸೋಫಾದ ಮೇಲೆ ಕೂತೇ ಇರುತ್ತಿದ್ದೆ.

ನನಗೆ ದುಃಖ ಆಗುತ್ತಿತ್ತು ಎಂದು ಹೇಳಲಾರೆ. ಏನೂ ಆಗುತ್ತಿರಲಿಲ್ಲ. ಹಲ್ಲುಜ್ಜುವ ಪೇಸ್ಟಿನ ಟ್ಯೂಬಿನ ಮೇಲೆ ಬರೆದದ್ದನ್ನೆಲ್ಲ ಓದುತ್ತಿದ್ದೆ. ಕಸದ ಲಾರಿ ಬಂದರೆ ಅದು ರಸ್ತೆಯ ಕೊನೆ ಮುಟ್ಟುವವರೆಗೆ ಸದ್ದನ್ನು ಕೇಳಿಸಿಕೊಳ್ಳುತ್ತಿದ್ದೆ. ಫೋನಿನಲ್ಲಿ ಅಮ್ಮ ಅತ್ತರೆ, ಅವರು ಮುಗಿಸಲಿ ಎಂದು ಕಾಯುತ್ತಿದ್ದೆ. ಒಂದು ದಿನ ಗಂಡ, "ಆಫೀಸಿನ ಪಾರ್ಕಿಂಗಲ್ಲಿ ಕಾರಲ್ಲೇ ಕೂತು ಅತ್ತುಬಿಟ್ಟೆ ಇವತ್ತು" ಎಂದ. ನಾನು "ಹೌದಾ" ಎಂದೆ. ಅವನು ಎದ್ದು ಸ್ನಾನಕ್ಕೆ ಹೋದ.

ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಲ್ಯಾಬಿನಲ್ಲಿ ನನ್ನ ಕೆಲಸ. ಅಲ್ಲಿ ರಜೆ ಕೊಟ್ಟಿದ್ದರು. ಹಗಲೆಲ್ಲ ಖಾಲಿ. ಐದನೇ ವಾರದಲ್ಲೊಂದು ಬೆಳಿಗ್ಗೆ ಒಗೆಯುವ ಬಟ್ಟೆ ಹಾಕಲು ಗರಾಜಿಗೆ ಹೋದವಳಿಗೆ ನನ್ನ ಹಳೆಯ ಕಾರು ಕಣ್ಣಿಗೆ ಬಿತ್ತು.

ಆ ಕಾರಿನದೂ ಒಂದು ಮಾತು ಹೇಳಬೇಕು. ಮೂರು ವರ್ಷ ಹಿಂದೆ ಕಮ್ಯುನಿಟಿ ಕಾಲೇಜಿನಲ್ಲಿ ಸಂಜೆ ಹೊತ್ತು ಕಾರು ರಿಪೇರಿಯ ತರಗತಿಗೆ ಸೇರಿದ್ದೆ. ಇಡೀ ದಿನ ಗ್ಲೌಸು ಹಾಕಿಕೊಂಡು ಕಣ್ಣಿಗೆ ಕಾಣದ್ದನ್ನು ಬೆಳೆಸುವವಳಿಗೆ ಕೈಗೆ ಭಾರವಾಗಿ ಸಿಗುವಂಥದ್ದು ಏನಾದರೂ ಬೇಕೆನಿಸಿತ್ತು. ಕೋರ್ಸು ಮುಗಿದ ಮೇಲೆ ಲಾಸ್ ಆಲ್ಟೋಸಿನ ಮುದುಕರೊಬ್ಬರಿಂದ ಈ ಕಾರು ಕೊಂಡೆ. ಎರಡು ಬಾಗಿಲು, ಎಂಟು ಸಿಲಿಂಡರು, ನನಗಿಂತ ದೊಡ್ಡ ವಯಸ್ಸು. ಅಷ್ಟು ಹಳೆಯದಾದ್ದರಿಂದ ಹೊಗೆ ತಪಾಸಣೆಯ ಕಾಟವೂ ಇರಲಿಲ್ಲ. ಡಿಸೆಂಬರಿನಲ್ಲಿ ಅದಕ್ಕೆ ಹೆಡರ್ಸು ತರಿಸಿದ್ದೆ. ಸಿಲಿಂಡರುಗಳಿಂದ ಹೊಗೆಯನ್ನು ಹೊರಗೆ ಒಯ್ಯುವ ಎರಕದ ಕಬ್ಬಿಣದ ಭಾಗ ಇಂಜಿನ್ನಿನ ಎರಡೂ ಪಕ್ಕದಲ್ಲಿರುತ್ತದೆ; ಅದನ್ನು ತೆಗೆದು ಅಲ್ಲಿ ಕೂರಿಸುವ, ನಾಲ್ಕು ಕೊಳವೆಗಳನ್ನು ಕೂಡಿಸಿ ಮಾಡಿದ ಗೊಂಚಲೇ ಹೆಡರು. ಹೊಟ್ಟೆ ಮುಂದೆ ಬಂದಿದ್ದರಿಂದ ಕಾರಿನ ಕೆಳಗೆ ನುಸುಳಲಾಗದೆ ಆ ಪೆಟ್ಟಿಗೆಯನ್ನು ಗೋಡೆಗೆ ಒರಗಿಸಿ ಇಟ್ಟಿದ್ದೆ. ಈಗ ಹೊಟ್ಟೆ ಇರಲಿಲ್ಲ. ನುಸುಳಬಹುದಾಗಿತ್ತು. ಆ ಬೆಳಿಗ್ಗೆ ನನ್ನ ತಲೆಗೆ ಹೊಳೆದದ್ದು ಅಷ್ಟೇ.

ಬ್ಯಾಟರಿಯ ತಂತಿ ಬಿಚ್ಚಿದೆ. ಹಿಂದಿನ ಚಕ್ರಗಳಿಗೆ ಅಡ್ಡ ಇಟ್ಟು, ಮುಂಭಾಗವನ್ನು ಜಾಕಿನಿಂದ ಎತ್ತಿ ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿದೆ. ಹಳೆಯ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಎರಡು ದಿನ ನೆನೆಸಿದೆ. ಬೋಲ್ಟುಗಳೆಲ್ಲ ಮುರಿಯದೆ ಬಂದವು. ಖುಷಿಪಡಬೇಕಾದ ವಿಷಯ ಎಂದು ಗೊತ್ತಿತ್ತು.

ಅತ್ತೆ ಮೊದಲ ದಿನ ಏನೂ ಅನ್ನಲಿಲ್ಲ. ಸಾರನ್ನು ಲೋಟದಲ್ಲಿ ಅಲ್ಲಿಗೇ ತಂದು ಕೊಟ್ಟರು. ಎರಡನೇ ದಿನ ಬಕೀಟೊಂದನ್ನು ಬೋರಲು ಹಾಕಿಕೊಂಡು ಕೂತರು.

"ಇರೋದು ಕೆಟ್ಟೋಯ್ತಾ ಮಗ?"

"ಇಲ್ಲ ಅತ್ತೆ."

"ಮತ್ತ್ಯಾಕೆ ಬಿಚ್ತಿದ್ದೀಯೆ?"

"ಇದು ಹಾಕಿದ್ರೆ ಹೊಗೆ ಸಲೀಸಾಗಿ ಹೋಗ್ತದೆ. ಇಂಜಿನ್ನಿಗೆ ಒಳ್ಳೇದು."

ಅವರು ತಲೆದೂಗಿದರು. ಯಂತ್ರದ ವಿಷಯದಲ್ಲಿ ಅವರಿಗೆ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಮಾವ ತೀರಿಕೊಂಡ ಮೇಲೆ ಊರಿನ ರಾಗಿ ಮಿಷಿನ್ನನ್ನು ಬಹಳ ವರ್ಷ ಒಬ್ಬರೇ ನಡೆಸಿದವರು ಅವರು. ಹಿಟ್ಟು ಬೀಸುತ್ತಲೇ ಮಗನನ್ನು ಓದಿಸಿದ್ದರು.

ಮಂಗಳವಾರ ಬೆಳಿಗ್ಗೆ ಗಂಡ ಆಫೀಸಿಗೆ ಹೋದ ಮೇಲೆ ಹೊಸ ಹೆಡರನ್ನು ಕೂರಿಸಿ ನೋಡಿದೆ. ಸ್ಟೇರಿಂಗಿನ ಕಂಬಿಗೂ ಇಂಜಿನ್ನಿಗೂ ನಡುವೆ ಎರಡು ಬೆರಳಿನಷ್ಟೇ ಜಾಗ. ಹೆಡರು ಒಳಗೆ ಹೋಗಲೊಲ್ಲದು. ಇಂಜಿನ್ನನ್ನು ಒಂದೂವರೆ ಇಂಚಾದರೂ ಮೇಲೆತ್ತದೆ ಬೇರೆ ದಾರಿ ಇರಲಿಲ್ಲ. ಇಂಜಿನ್ ಕೂತಿರುವುದು ಎರಡು ಕಡೆ ರಬ್ಬರಿನ ಮೌಂಟುಗಳ ಮೇಲೆ. ಅವುಗಳ ಬೋಲ್ಟು ಬಿಚ್ಚಿ, ಇಂಜಿನ್ನಿನ ಅಡಿಯಲ್ಲಿರುವ ಎಣ್ಣೆ ತೊಟ್ಟಿಗೆ ನೆಗ್ಗು ಬೀಳದಂತೆ ಜಾಕಿನ ಮೇಲೊಂದು ಹಲಗೆ ಇಟ್ಟು, ನಿಧಾನವಾಗಿ ಎತ್ತಬೇಕು. ಎತ್ತಿದ ಕೂಡಲೇ ಮೌಂಟಿಗೂ ಚೌಕಟ್ಟಿಗೂ ನಡುವೆ ಗಟ್ಟಿ ಮರದ ತುಂಡುಗಳನ್ನು ಸೇರಿಸಿ ಭಾರವನ್ನು ಅವುಗಳ ಮೇಲೆ ಇಳಿಸಬೇಕು. ಜಾಕನ್ನು ನಂಬಿ ಕೈ ಹಾಕಬಾರದು. ರಿಪೇರಿ ತರಗತಿಯ ಮೇಷ್ಟ್ರು ಇದನ್ನು ಹತ್ತು ಸಲವಾದರೂ ಹೇಳಿದ್ದರು.

ನನ್ನ ಬಳಿ ಸರಿಯಾದ ದಪ್ಪದ ಮರ ಇರಲಿಲ್ಲ. ನಿಮಿಷದ ಕೆಲಸ, ಜಾಗ ಸಾಕಾಗುತ್ತದೆಯೇ ಎಂದು ಮುಟ್ಟಿ ನೋಡಿಬಿಡೋಣ ಎಂದು ಇಂಜಿನ್ ಎತ್ತಿದೆ. ಸ್ಟೂಲಿನ ಮೇಲೆ ನಿಂತು, ಕಾರಿನ ಬದಿಗೆ ಬಗ್ಗಿ, ಮೌಂಟು ಮತ್ತು ಚೌಕಟ್ಟಿನ ಸಂದಿಗೆ ಎಡಗೈ ಇಳಿಸಿದೆ. ಜಾಕು ಹಳೆಯದು. ಒಳಗೊಳಗೇ ಎಣ್ಣೆ ಜಿನುಗಿ, ಎತ್ತಿದ ಭಾರ ತಾನಾಗಿ ಇಳಿಯುವ ಚಾಳಿ ಅದಕ್ಕಿತ್ತು. ಹಲಗೆ ಕಿರ್ ಎಂದಿತು. ಸಂದಿ ಕಿರಿದಾಗುತ್ತಿರುವುದು ನನ್ನ ಬೆರಳಿಗೆ ಗೊತ್ತಾಯಿತು. ಇಳಿಯುತ್ತಿದೆ ಎಂದುಕೊಂಡೆ. ಬೇರೆ ಯಾರದೋ ಕೈಯನ್ನು ನೋಡುವ ಹಾಗೆ ನೋಡುತ್ತಿದ್ದೆ. ತೆಗೆಯಬೇಕು ಎಂಬ ಮಾತು ತಲೆಯಲ್ಲಿತ್ತು. ಅದು ಕೈವರೆಗೆ ಬರಲಿಲ್ಲ.

ಹಿಂದಿನಿಂದ ಯಾರೋ ನನ್ನ ಸ್ವೆಟರು ಹಿಡಿದು ಎಳೆದರು. ನಾನೂ ಅತ್ತೆಯೂ ಒಟ್ಟಿಗೆ ನೆಲಕ್ಕೆ ಬಿದ್ದೆವು. ಇಂಜಿನ್ ದೊಪ್ಪೆಂದು ತನ್ನ ಜಾಗಕ್ಕೆ ಕೂತಿತು. ನನ್ನ ಎರಡು ಗೆಣ್ಣುಗಳ ಚರ್ಮ ಕಿತ್ತು ಬಂದಿತ್ತು, ಅಷ್ಟೇ.

ಅತ್ತೆ ಕಾಲು ಚಾಚಿಕೊಂಡು ಕೂತು ಏದುಸಿರು ಬಿಡುತ್ತಿದ್ದರು. ಒಗೆಯಲು ತಂದಿದ್ದ ಬಟ್ಟೆಗಳು ಅವರ ಸುತ್ತ ಚೆಲ್ಲಿದ್ದವು.

"ಇಳೀತಿತ್ತು ಅದು. ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು."

"ಗೊತ್ತಾಗಿ?"

ಗೊತ್ತಾಗಲಿಲ್ಲ ಎಂದು ಸುಳ್ಳು ಹೇಳಬಹುದಿತ್ತು. ಅದಕ್ಕೂ ಒಂದಿಷ್ಟು ಶಕ್ತಿ ಬೇಕು. ಅವರು ನನ್ನ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ಬೆರಳು ಮಡಿಸಿ ಬಿಡಿಸಿ ನೋಡಿದರು. ಆಮೇಲೆ ಎದ್ದು, ಜಾಕಿನ ಉದ್ದನೆಯ ಹಿಡಿಯನ್ನು ಕಿತ್ತುಕೊಂಡು ಒಳಗೆ ಹೋದರು.

ಸಂಜೆ ಮಗನಿಗೆ ಹೇಳುತ್ತಾರೆ ಎಂದುಕೊಂಡೆ. ಹೇಳಲಿಲ್ಲ. ಊಟಕ್ಕೆ ಕೂತಾಗ, "ಶನಿವಾರ ಮರದಂಗಡಿಗೆ ನನ್ನ ಕರ್ಕೊಂಡೋಗು" ಎಂದರು.

"ಮರದಂಗಡೀನಾ? ಯಾಕವ್ವ?"

"ಕೆಲ್ಸ ಅದೆ."

ಮರುದಿನ ಅವರು ಸ್ನಾನಕ್ಕೆ ಹೋಗಿದ್ದಾಗ ಆ ಹಿಡಿಯನ್ನು ಹುಡುಕಿದೆ. ಸಿಟ್ಟಿನಿಂದಲ್ಲ, ಮಾಡಲು ಬೇರೇನೂ ಇರಲಿಲ್ಲ. ಅವರ ಹಾಸಿಗೆಯಲ್ಲೇ ಸಿಕ್ಕಿತು. ಹಳೆಯ ಲಂಗದಲ್ಲಿ ಸುತ್ತಿ ದಿಂಬಿನ ಪಕ್ಕದಲ್ಲಿಟ್ಟುಕೊಂಡು ರಾತ್ರಿ ಮಲಗಿದ್ದರು. ಹಾಗೇ ಬಿಟ್ಟು ಬಂದೆ.

ಗುರುವಾರ ನನ್ನ ತಲೆಗೆ ಎಣ್ಣೆ ತಟ್ಟುತ್ತ ಅವರಾಗಿಯೇ ಮಾತು ತೆಗೆದರು.

"ನಮ್ಮ ಮಿಷಿನ್ನಲ್ಲಿ ಕಲ್ಲು ಸವೆದೋದ್ರೆ ಮೇಲಿನ ಕಲ್ಲ ಎತ್ತಿ ಕುಟ್ಟಿಸ್ಬೇಕಿತ್ತು. ನಾಕಾಳು ಭಾರ. ಎತ್ತಿದ ತಕ್ಷಣ ಸಂದಿಗೆ ಮರ ಕೊಡ್ಬೇಕು. ಕೈಗಿಂತ ಮುಂಚೆ ಮರ ಹೋಗ್ಬೇಕು ಅಂತ ಎಲ್ರಿಗೂ ಹೇಳ್ತಿದ್ದೆ."

"ಹೂಂ."

"ನಮ್ಮಲ್ಲಿ ಒಬ್ಬ ಕೆಲ್ಸದೋನಿದ್ದ. ನನಗಿಂತ ದೊಡ್ಡೋನು. ಬಲೇ ಜಾಣ. ಅವನ ತಾಯಿ ಸತ್ತು ವಾರ ಆಗಿತ್ತು. ಹಬ್ಬದ ಹಿಂದಿನ ದಿನ, ಜನ ಚೀಲ ಹಿಡ್ಕೊಂಡು ರಸ್ತೆಗಂಟ ನಿಂತವ್ರೆ. ಅವನು ಬಂದ. ಮಕ ನೋಡ್ದೆ. ಇವನು ಇಲ್ಲಿಲ್ಲ ಅಂತ ನನಗೆ ಗೊತ್ತಾಯ್ತು. ಮುಟ್ಬ್ಯಾಡ ಓಗು ಅಂತ ಹೇಳ್ಬೇಕಿತ್ತು. ಜನ ಕಾಯ್ತಾವ್ರಲ್ಲ ಅಂತ ಹೇಳ್ಲಿಲ್ಲ."

ನೆತ್ತಿಯ ಮೇಲೆ ಅವರ ಕೈ ನಿಂತಿತು.

"ಎರಡು ಬೆರಳು ಓಯ್ತು. ಅವನು ಒಂದಿನಾನೂ ನನ್ನ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು."

ಮತ್ತೆ ಎಣ್ಣೆ ತಟ್ಟತೊಡಗಿದರು.

"ನಿನಗೆ ಮುಟ್ಬ್ಯಾಡ ಅಂತ ಹೇಳ್ತಿಲ್ಲ ಮಗ. ನಾನೂ ಇರ್ತೀನಿ ಅಂತ ಹೇಳ್ತಿದ್ದೀನಿ."

ನಾನು "ಆಯ್ತು ಅತ್ತೆ" ಎಂದೆ. ಆ ಮಾತು ನನ್ನನ್ನು ಕರಗಿಸಬೇಕಿತ್ತು. ಎಣ್ಣೆ ಕಿವಿಯ ಹಿಂದೆ ಇಳಿಯುತ್ತಿದ್ದದ್ದೇ ನನಗೆ ಹೆಚ್ಚು ಗೊತ್ತಾಗುತ್ತಿತ್ತು.

ಶನಿವಾರ ತಾಯಿ ಮಗ ಇಬ್ಬರೂ ಹಾರ್ಡ್‌ವೇರ್ ಅಂಗಡಿಗೆ ಹೋದರು. ಹೊರಡುವ ಮುಂಚೆ ಅತ್ತೆ ಗರಾಜಿಗೆ ಬಂದು, ಎಷ್ಟು ದಪ್ಪ ಬೇಕೆಂದು ನನ್ನನ್ನು ಕೇಳಿ, ತಮ್ಮ ಬೆರಳುಗಳ ಮೇಲೆ ಲೆಕ್ಕ ಹಾಕಿಕೊಂಡರು. ಜಾಕು ಸೋರುತ್ತಿದೆ, ಹೊಸದು ಬೇಕು ಎಂದು ನಾನು ಗಂಡನಿಗೆ ಹೇಳಿದೆ. ಇಷ್ಟು ದಿನ ಅದನ್ನು ಯಾಕೆ ಹೇಳಿರಲಿಲ್ಲ ಎಂದು ಅವನು ಕೇಳಲಿಲ್ಲ. ಅತ್ತೆ ಅಂಗಡಿಯಲ್ಲಿ ಒಂದೊಂದು ಹಲಗೆಯನ್ನೂ ಗೆಣ್ಣಿನಿಂದ ತಟ್ಟಿ, ಗಂಟಿರುವುದನ್ನೆಲ್ಲ ಪಕ್ಕಕ್ಕೆ ಹಾಕಿದರಂತೆ. ಗರಗಸದ ಹತ್ತಿರ ನಿಂತವನಿಗೆ ಕನ್ನಡದಲ್ಲೇ ಬೆರಳು ತೋರಿಸಿ ಕತ್ತರಿಸಲು ಹೇಳಿದರಂತೆ. "ಅವನಿಗೆ ಅರ್ಥ ಆಯ್ತು ಕಣೇ, ನನ್ನ ಕೇಳಲೇ ಇಲ್ಲ" ಎಂದು ಗಂಡ ನಕ್ಕ. ಮನೆಯಲ್ಲಿ ಯಾರಾದರೂ ನಕ್ಕು ಬಹಳ ದಿನವಾಗಿತ್ತು. ಬೇರೆ ಬೇರೆ ದಪ್ಪದ ಆರು ತುಂಡುಗಳನ್ನು ಅತ್ತೆ ಗರಾಜಿನ ನೆಲದ ಮೇಲೆ ಸಾಲಾಗಿ ಜೋಡಿಸಿದರು.

ಭಾನುವಾರ ಮೂವರೂ ಸೇರಿದೆವು. ಹೊಸ ಜಾಕಿನ ಹಿಡಿಯೂ ನನ್ನ ಕೈಗೆ ಬರಲಿಲ್ಲ. "ಹಸಿ ಮೈ. ನೀನು ಭಾರ ಎಳೆಯಂಗಿಲ್ಲ. ಬಾಯಲ್ಲಿ ಹೇಳು, ನಾನು ಒತ್ತೀನಿ" ಎಂದು ಅತ್ತೆ ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿಕೊಂಡು ಜಾಕಿನ ಹತ್ತಿರ ಕೂತರು. ಗಂಡ ಟಾರ್ಚು ಹಿಡಿದು ನಿಂತ. ಇಂಜಿನ್ ಮೇಲೇಳುವಾಗ ಮುಂದಿನ ಫ್ಯಾನು ರೇಡಿಯೇಟರಿಗೆ ತಗುಲುತ್ತದೆಯೇ, ಹಿಂಭಾಗ ಗೋಡೆಯಂಥ ತಗಡಿಗೆ ಒತ್ತುತ್ತದೆಯೇ ಎಂದು ನೋಡುವುದು ಅವನ ಕೆಲಸ.

"ಒಂದು ಸಲ ಒತ್ತಿ ಅತ್ತೆ."

ಒತ್ತಿದರು.

"ಫ್ಯಾನು?"

"ಜಾಗ ಇದೆ."

"ಇನ್ನೊಂದು."

ಹೀಗೆ ಕಾಲಿಂಚು, ಅರ್ಧ ಇಂಚು. ನಾನು ನಿಲ್ಲಿಸಿ ಎಂದರೆ ಅತ್ತೆಯ ಕೈ ಅಲ್ಲೇ ನಿಲ್ಲುತ್ತಿತ್ತು. ಒಂದು ಇಂಚು ದಾಟಿದಾಗ ಅವರಾಗಿಯೇ ನಿಲ್ಲಿಸಿದರು.

"ಏನೋ ಎಳೀತಾ ಅದೆ. ಹಿಡಿಗೆ ಗೊತ್ತಾಯ್ತದೆ."

ನೋಡಿದರೆ ಆಕ್ಸಿಲರೇಟರಿನ ತಂತಿ ತಂಬೂರಿಯ ತಂತಿಯ ಹಾಗೆ ಬಿಗಿದು ನಿಂತಿತ್ತು. ಅದನ್ನು ಬಿಚ್ಚುವುದು ನನಗೆ ಮರೆತುಹೋಗಿತ್ತು. ಬಿಚ್ಚಿದೆ. ಮತ್ತೆರಡು ಸಲ ಒತ್ತಿದ ಮೇಲೆ ಸಾಕಾಯಿತು. ಮರದ ತುಂಡುಗಳನ್ನು ಕೈಯಿಂದ ಇಡದೆ ಒಂದು ಕೋಲಿನಿಂದ ಎರಡೂ ಕಡೆ ಸಂದಿಗೆ ತಳ್ಳಿದೆ. ಅತ್ತೆ ಜಾಕನ್ನು ಕೂದಲೆಳೆಯಷ್ಟು ಸಡಿಲಿಸಿದರು. ಭಾರ ಮರದ ಮೇಲೆ ಕೂತಿತು. ಅವರು ಎದ್ದು ಬಂದು ಇಂಜಿನ್ನನ್ನು ಎರಡೂ ಕೈಯಿಂದ ಹಿಡಿದು ಅಲ್ಲಾಡಿಸಿ ನೋಡಿದರು. ಅದು ಕದಲಲಿಲ್ಲ.

"ಈಗ ಇಡು ಕೈಯ."

ಗಂಡ ಕಾರಿನ ಕೆಳಗೆ ಮಲಗಿ ಹೆಡರನ್ನು ಮೇಲಕ್ಕೆ ತಳ್ಳಿದ. ನಾನು ಮೇಲಿನಿಂದ ತಿರುಗಿಸಿ ದಾರಿ ಮಾಡಿಕೊಟ್ಟೆ. ಸ್ಟೇರಿಂಗಿನ ಕಂಬಿಯನ್ನು ಸವರಿಕೊಂಡು ಅದು ಜಾಗಕ್ಕೆ ಬಂತು. ಸಂದಿಯಲ್ಲಿ ಹೊಗೆ ಸೋರದಂತೆ ತಡೆಯುವ ಗ್ಯಾಸ್ಕೆಟ್ಟು ಇಟ್ಟು ಬೋಲ್ಟುಗಳನ್ನು ಬೆರಳಿನಿಂದಲೇ ಒಂದೆರಡು ಸುತ್ತು ಹಾಕತೊಡಗಿದೆ. ಎಲ್ಲ ಬೋಲ್ಟುಗಳೂ ಹಿಡಿದ ಮೇಲೇ ಬಿಗಿಯಬೇಕು, ಇಲ್ಲದಿದ್ದರೆ ಉಳಿದ ತೂತುಗಳು ಸೇರುವುದಿಲ್ಲ. ಮೂರನೆಯದು ಹಿಡಿಯಲೇ ಇಲ್ಲ. ಬಗ್ಗಿ ನೋಡಿದರೆ ಗಂಡ ಕೆಳಗಿನಿಂದ ಸ್ಪ್ಯಾನರ್ ಹಾಕಿ ಮೊದಲನೆಯದನ್ನು ಪೂರ್ತಿ ಬಿಗಿದುಬಿಟ್ಟಿದ್ದ.

"ಯಾರು ಹೇಳಿದ್ದು ನಿನಗೆ ಬಿಗಿಯೋಕೆ?"

"ಬಿದ್ದುಹೋಗುತ್ತೆ ಅಂತ..."

"ಕೇಳ್ಬೇಕಲ್ಲ? ನನ್ನನ್ನು ಕೇಳ್ಬೇಕಲ್ಲ?"

ನನ್ನ ದನಿ ನನಗೇ ಗುರುತು ಸಿಗದಷ್ಟು ಏರಿತ್ತು. ಗರಾಜಿನ ಬಾಗಿಲು ತೆರೆದಿತ್ತು. ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಹೆಂಗಸೊಬ್ಬಳು ತಿರುಗಿ ನೋಡಿದಳು. ನಾನು ನಿಲ್ಲಿಸಲಿಲ್ಲ.

"ತೊಟ್ಟಿಲು ಯಾಕೆ ವಾಪಸ್ ಕೊಟ್ಟೆ? ನಾನು ಆಸ್ಪತ್ರೆಯಿಂದ ಬರೋದ್ರೊಳಗೆ ರೂಮೆಲ್ಲ ಖಾಲಿ. ಯಾರನ್ನು ಕೇಳಿ ಕೊಟ್ಟೆ?"

ಕಾರಿನ ಕೆಳಗಿನಿಂದ ಅವನ ಕಾಲುಗಳಷ್ಟೇ ಕಾಣುತ್ತಿದ್ದವು.

"ನಿನ್ನ ಕಣ್ಣಿಗೆ ಬೀಳಬಾರದು ಅಂತ."

"ನನಗೆ ನೋಡ್ಬೇಕಿತ್ತು."

"ಕೇಳಬೇಕಿತ್ತು" ಎಂದ ಅವನು. ಆಮೇಲೆ, "ತಪ್ಪಾಯ್ತು" ಎಂದ.

ಅಷ್ಟರಲ್ಲಿ ಅತ್ತೆ ಕೇಳಿದರು:

"ಆ ಬೋಲ್ಟ ಸಡ್ಲ ಮಾಡ್ಬೇಕಾ, ಬ್ಯಾಡ್ವಾ?"

"ಮಾಡ್ಬೇಕು" ಎಂದೆ.

ಅವನು ಸಡಿಲ ಮಾಡಿದ. ಮೂರನೆಯದು ಹಿಡಿಯಿತು.

ಆ ಕೋಪ ಹತ್ತು ನಿಮಿಷವೂ ಉಳಿಯಲಿಲ್ಲ. ಬಂದ ಹಾಗೇ ಹೋಯಿತು. ಮತ್ತೆ ಒಳಗೆ ಏನೂ ಇಲ್ಲದಂತಾಯಿತು. ಆದರೆ ಆ ಹತ್ತು ನಿಮಿಷ ನಾನು ಅಲ್ಲಿದ್ದೆ. ರಾತ್ರಿ ಊಟವಾದ ಮೇಲೆ ಗಂಡ ತೊಟ್ಟಿಲ ರೂಮಿನ ಬಾಗಿಲು ತೆರೆದು ದೀಪ ಹಾಕಿದ. ಇಬ್ಬರೂ ಸ್ವಲ್ಪ ಹೊತ್ತು ಖಾಲಿ ಕಾರ್ಪೆಟ್ಟಿನ ಮೇಲೆ ಕೂತೆವು. ತೊಟ್ಟಿಲನ್ನು ಎಲ್ಲಿ ಇಟ್ಟಿದ್ದೆವು, ಯಾವ ಗೋಡೆಗೆ, ಎಂದು ಮಾತಾಡಿದೆವು.

ಇನ್ನೊಂದು ಪಕ್ಕದ ಹೆಡರು ಕೂರಿಸಲು ಮತ್ತೊಂದು ವಾರ ಹಿಡಿಯಿತು. ಮರ ತೆಗೆದು ಇಂಜಿನ್ನನ್ನು ಮೌಂಟುಗಳ ಮೇಲೆ ಇಳಿಸುವಾಗಲೂ ಹಿಡಿ ಅತ್ತೆಯ ಕೈಯಲ್ಲೇ. ಚಾಲೂ ಮಾಡಿದಾಗ ಹೊಸ ಕೊಳವೆಗಳಿಗೆ ಮೆತ್ತಿದ್ದ ಎಣ್ಣೆ ಸುಟ್ಟು ಗರಾಜಿನ ತುಂಬ ಹೊಗೆಯಾಯಿತು. ಕಾರನ್ನು ಹೊರಗೆ ತಳ್ಳಿ ನಿಲ್ಲಿಸಿಕೊಂಡೆವು. ಒಂದು ಜೋಡಣೆಯಲ್ಲಿ ಟಿಕ್ ಟಿಕ್ ಎಂದು ಗಾಳಿ ಸೋರುತ್ತಿತ್ತು. ತಣ್ಣಗಾದ ಮೇಲೆ ಮತ್ತೆ ಬಿಗಿದೆ. "ಕರೆಂಟು ಬರೋಕೆ ಮುಂಚೆ ನಮ್ಮ ಮಿಷಿನ್ದೂ ಇಂಗೇ ಇತ್ತು ಸದ್ದು. ಊರಾಚೆಗಂಟ ಕೇಳ್ಸೋದು" ಎಂದು ಅತ್ತೆ ಒಳಗೆ ಹೋಗಿ ಕುಕ್ಕರು ಇಟ್ಟರು.

ಅಳು ಬಂದದ್ದು ಬಹಳ ತಡವಾಗಿ, ಅತ್ತೆ ಊರಿಗೆ ಹೋಗಿ ಎಷ್ಟೋ ದಿನದ ಮೇಲೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ರಜೆ ಮುಗಿದು ಕೆಲಸಕ್ಕೆ ಹೊರಟ ದಿನ ಆ ಹಳೆಯ ಕಾರನ್ನೇ ತೆಗೆದುಕೊಂಡು ಹೋದೆ. ಬೇಡವೆಂದು ಗಂಡ ಎರಡು ಸಲ ಹೇಳಿದ. ಕೊಲ್ಲಿಯ ಮೇಲಿನ ಸೇತುವೆಯಲ್ಲಿ ಟ್ರಾಫಿಕ್ಕು ಪೂರ್ತಿ ನಿಂತಿತು. ಕಿಟಕಿ ಇಳಿಸಿ ಕೂತೆ. ಎರಡೂ ಕಡೆ ಬೂದು ಬಣ್ಣದ ನೀರು. ಪಕ್ಕದ ಸಾಲಿನ ಪಿಕಪ್ಪಿನಲ್ಲಿದ್ದ ನಡುವಯಸ್ಸಿನವನೊಬ್ಬ ತನ್ನ ಕಿಟಕಿ ಇಳಿಸಿ, ಸದ್ದು ಚೆನ್ನಾಗಿದೆ, ಹೆಡರ್ಸು ಹಾಕಿಸಿದ್ದೀರಾ ಎಂದು ಕೇಳಿದ. ಹೌದು ಎಂದೆ. ಯಾರು ಹಾಕಿಕೊಟ್ಟರು ಎಂದ.

"ನಾನು, ನನ್ನ ಗಂಡ, ನನ್ನ ಅತ್ತೆ" ಎಂದೆ.

ಅವನು ಸರಿಯಾಗಿ ಕೇಳಿಸಲಿಲ್ಲವೇನೋ ಎಂಬಂತೆ ಮುಖ ಮುಂದೆ ಮಾಡಿದ. ಮತ್ತೊಮ್ಮೆ ಹೇಳುವಷ್ಟರಲ್ಲಿ ಅವನ ಸಾಲು ಹೊರಟಿತು. ನನ್ನದು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿತ್ತು.